ಅಬ್ಬಿ ನೀರಿನ ದಾರಿಗೆ ಒಂದು ಗುರುತು ಪೆಟ್ಟಿಗೆ: ನಮ್ಮ ಗಡಿಯಾರದಿಂದ ಜಿಪಿಎಸ್ ಕಾಲಕ್ಕೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ, ಗುಡ್ಡದ ಬುಡದಲ್ಲಿದೆ. ಮಲೆನಾಡಿನ ಬಹಳಷ್ಟು ಮನೆಗಳಂತೆ ನಮಗೂ ಅಬ್ಬಿ ನೀರೇ ಆಧಾರ; ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ, ಪಂಪಿನ ಹಂಗಿಲ್ಲದೆ, ನೀರು ತಾನಾಗಿಯೇ ಇಳಿದು ತೊಟ್ಟಿಗೆ ಬೀಳುತ್ತದೆ. ಎರಡು ಬೇಸಿಗೆಗಳಿಂದ ಒರತೆಯಲ್ಲಿ ನೀರಿದ್ದರೂ ತೊಟ್ಟಿಗೆ ಬರುವುದು ನಿಲ್ಲುತ್ತಿತ್ತು. ಪೈಪು ಎಲ್ಲೋ ಒಂದು ಕಡೆ ಏರಿ ಇಳಿಯುತ್ತಿದೆ, ಹರಿವು ಕಡಿಮೆಯಾದಾಗ ಆ ಏರಿನಲ್ಲಿ ಗಾಳಿ ಕಟ್ಟುತ್ತಿದೆ ಎಂಬುದು ಸ್ಪಷ್ಟವಿತ್ತು. ಆದರೆ ಪೈಪಿನ ಮೇಲೆ ದರಗು ಮುಚ್ಚಿರುವುದರಿಂದ ಆ ಏರು ಎಲ್ಲಿದೆ ಎಂದು ಕಣ್ಣಳತೆಗೆ ಸಿಗುತ್ತಿರಲಿಲ್ಲ.

ದಾರಿಯ ಬಹುಪಾಲು ಬಯಲು ಬ್ಯಾಣವಾದ್ದರಿಂದ, ಅಲ್ಲಿಯ ಎತ್ತರವನ್ನು ಉಪಗ್ರಹ ಸಂಕೇತಗಳಿಂದ ಅಳೆಯುವುದೆಂದು ನಿರ್ಧರಿಸಿದೆ. ಮರಗಳ ಕೆಳಗಿನ ತುಂಡುಗಳಿಗೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಪೈಪಿನ ಮಟ್ಟವೇ ಸಾಕು. ಒಂದು ರಿಸೀವರ್ ಮನೆಯ ಸೂರಿನ ಮೇಲೆ ಅಲುಗಾಡದೆ ಕುಳಿತಿರುತ್ತದೆ. ಇನ್ನೊಂದನ್ನು ಎರಡು ಮೀಟರ್ ಕೋಲಿನ ತುದಿಗೆ ಕಟ್ಟಿ, ಪೈಪಿನ ದಾರಿಯುದ್ದಕ್ಕೂ ನಿಂತು ನಿಂತು ನಡೆಯುವುದು. ಎರಡೂ ಪ್ರತಿ ಸೆಕೆಂಡಿಗೊಮ್ಮೆ ಕಚ್ಚಾ ಅಳತೆಗಳನ್ನು ದಾಖಲಿಸುತ್ತವೆ, ಲೆಕ್ಕವನ್ನು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಮಾಡಬೇಕು. ಹಾಗೆ ಮಾಡುವಾಗ ಯಾವ ನಿಲುಗಡೆ ಯಾವ ಕ್ಷಣದಲ್ಲಿ ಆಯಿತು ಎಂಬುದು ಗೊತ್ತಿರಲೇಬೇಕು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕತ್ತಿ ಹಿಡಿದವನಿಗೆ ಪುಸ್ತಕದಲ್ಲಿ ಸಮಯ ಬರೆಯುವುದು ಆಗದ ಮಾತು. ಆದ್ದರಿಂದ ಒಂದು ಗುಂಡಿ ಒತ್ತಿದರೆ ಆ ಕ್ಷಣವನ್ನು ಬರೆದಿಟ್ಟುಕೊಂಡು, 60 ಸೆಕೆಂಡು ಕಳೆದ ಮೇಲೆ ಬೀಪ್ ಎನ್ನುವ ಪೆಟ್ಟಿಗೆಯೊಂದನ್ನು ಮಾಡಿದೆ. ಈ ಬರಹ ಆ ಪೆಟ್ಟಿಗೆಯದು.

ಒಳಗೆ ಇರುವುದು ಇಷ್ಟೇ: ಒಂದು ಆರ್ಡುಯಿನೋ ಊನೋ (ನಾವೇ ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಗಣಕ ಫಲಕ), ಒಂದು ಮೆಮೊರಿ ಕಾರ್ಡಿನ ತುಂಡು, ಒಂದು ಡಿಎಸ್3231 ಗಡಿಯಾರದ ಚಿಪ್ಪು, ಮತ್ತು ಗಡಿಯಾರಕ್ಕೆ ಸಮಯ ಹೊಂದಿಸಲು ಹಳೆಯ ಸಾಧನವೊಂದರಿಂದ ಬಿಚ್ಚಿಟ್ಟಿದ್ದ ಜಿಪಿಎಸ್ ಮಾಡ್ಯೂಲ್. ಡಬ್ಬಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಬುತ್ತಿ ಡಬ್ಬಿ. ಮುಚ್ಚಳಕ್ಕೆ ರಬ್ಬರ್ ಬಳೆ ಇರುವುದರಿಂದ ಇಬ್ಬನಿ ಒಳಗೆ ಹೋಗುವುದಿಲ್ಲ. ಡಿಎಸ್3231 ಚಿಪ್ಪು 0ರಿಂದ 40 ಡಿಗ್ರಿಯ ನಡುವೆ ಹತ್ತು ಲಕ್ಷಕ್ಕೆ ಎರಡು ಭಾಗದಷ್ಟು ಮಾತ್ರ ತಪ್ಪುತ್ತದೆ, ಅಂದರೆ ದಿನಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಗ್ಗದ ಗಡಿಯಾರ ಫಲಕಗಳಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಡಯೋಡ್ ಒಂದಿರುತ್ತದೆ. ಮಾಮೂಲಿ ಸಿಆರ್2032 ಬಿಲ್ಲೆ ಹಾಕುವವರು ಅದನ್ನು ಮೊದಲು ಕಿತ್ತು ಹಾಕಬೇಕು, ಏಕೆಂದರೆ ಆ ಬಿಲ್ಲೆ ಚಾರ್ಜ್ ಆಗುವ ಜಾತಿಯದಲ್ಲ.

ಕಷ್ಟ ಇದ್ದದ್ದು ಬೆಸುಗೆಯಲ್ಲಲ್ಲ, ಸಮಯದ ಲೆಕ್ಕದಲ್ಲಿ. ಪೆಟ್ಟಿಗೆಯ ಗಡಿಯಾರ ಭಾರತೀಯ ಕಾಲಮಾನದಲ್ಲಿ ನಡೆಯಬೇಕೆಂದು ನಾನು ಹಟ ಹಿಡಿದಿದ್ದೆ, ಏಕೆಂದರೆ ಗುಡ್ಡದಲ್ಲಿ ಅದನ್ನು ಕೈಗಡಿಯಾರದೊಡನೆ ಹೋಲಿಸಿ ನೋಡಲು ಸಾಧ್ಯವಾಗಬೇಕು. ರಿಸೀವರುಗಳ ಲೆಕ್ಕವಾದರೋ ಬೇರೆ. ಜಿಪಿಎಸ್ ಕಾಲಕ್ಕೆ ತಿಂಗಳೂ ಇಲ್ಲ, ವರ್ಷವೂ ಇಲ್ಲ. 1980ರ ಜನವರಿ 6ರ ಭಾನುವಾರ, ವಿಶ್ವ ಕಾಲಮಾನದ (ಯುಟಿಸಿ) ಮಧ್ಯರಾತ್ರಿಯಿಂದ ಎಷ್ಟು ವಾರ ಕಳೆಯಿತು, ಈ ವಾರದಲ್ಲಿ ಎಷ್ಟು ಸೆಕೆಂಡು ಕಳೆಯಿತು ಎಂಬ ಎರಡೇ ಸಂಖ್ಯೆಗಳು. ವಾರಕ್ಕೆ 6,04,800 ಸೆಕೆಂಡು. ಗುಂಡಿ ಒತ್ತಿದ ಸಮಯವನ್ನು ಈ ಎರಡು ಸಂಖ್ಯೆಗಳಾಗಿ ಪೆಟ್ಟಿಗೆಯೇ ಬರೆದಿಡಬೇಕೆಂಬುದು ನನ್ನ ಯೋಜನೆಯಾಗಿತ್ತು.

ಮೊದಲು ಪಠ್ಯಪುಸ್ತಕದ ದಾರಿಯನ್ನೇ ಹಿಡಿದೆ: ದಿನಾಂಕವನ್ನೂ ಗಂಟೆಯನ್ನೂ ಸೇರಿಸಿ ದಶಮಾಂಶವುಳ್ಳ ಜೂಲಿಯನ್ ದಿನ ಸಂಖ್ಯೆ (ಖಗೋಳಜ್ಞರು ಬಳಸುವ, ದಿನಗಳ ಒಂದೇ ಉದ್ದದ ಎಣಿಕೆ) ಮಾಡುವುದು, ಅದರಿಂದ 1980ರ ಜನವರಿ 6ರ ಸಂಖ್ಯೆಯಾದ 24,44,244.5 ಕಳೆಯುವುದು, ಏಳರಿಂದ ಭಾಗಿಸುವುದು. ಕಂಪ್ಯೂಟರಿನಲ್ಲಿ ಸರಿಯಾಗಿ ಬಂದದ್ದನ್ನು ಊನೋಗೆ ಹಾಕಿ, ಒಂದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಆಗಾಗ ಗುಂಡಿ ಒತ್ತುತ್ತಾ ಹೋದೆ. ಕಾರ್ಡ್ ತೆಗೆದು ನೋಡಿದರೆ ಎಲ್ಲ ಸಾಲುಗಳಲ್ಲೂ ಒಂದೇ ಸಮಯ, ಹನ್ನೊಂದೂವರೆ ಗಂಟೆ! ಗುಂಡಿಯ ತಂತಿಯನ್ನು ಎರಡು ಸಲ ಬದಲಿಸಿದ ಮೇಲೆ ನಿಜವಾದ ಕಾರಣ ಹೊಳೆಯಿತು. ಊನೋದಲ್ಲಿ ದಶಮಾಂಶ ಸಂಖ್ಯೆಗೆ ಇರುವುದು 32 ಬಿಟ್ ಮಾತ್ರ. ‘ಡಬಲ್’ ಎಂದು ಬರೆದರೂ ಅದು ಅಷ್ಟೇ ಜಾಗ ಕೊಡುತ್ತದೆ. ಅದರಲ್ಲಿ ಅಂಕಿಗಳ ನಿಖರತೆಗೆ ಸಿಗುವುದು 24 ಬಿಟ್. ಇಪ್ಪತ್ತನಾಲ್ಕು ಲಕ್ಷದಷ್ಟು ದೊಡ್ಡ ಸಂಖ್ಯೆಯನ್ನು ಹಿಡಿದ ಮೇಲೆ ಒಂದು ದಿನವನ್ನು ತುಂಡು ಮಾಡಲು ಉಳಿಯುವುದು ನಾಲ್ಕೇ ಹಂತ, ಆರಾರು ಗಂಟೆಗೊಂದು. ವಿಶ್ವ ಕಾಲಮಾನದ ಆರು ಗಂಟೆ ನಮಗೆ ಹನ್ನೊಂದೂವರೆ; ನಮ್ಮ ಎಂಟೂವರೆಯಿಂದ ಎರಡೂವರೆಯವರೆಗೆ ಯಾವಾಗ ಒತ್ತಿದರೂ ಅದು ಅಲ್ಲಿಗೇ ಹೋಗಿ ಕೂರುತ್ತಿತ್ತು.

ಆದ್ದರಿಂದ ದಶಮಾಂಶವನ್ನು ಪೂರ್ತಿ ಬಿಟ್ಟು ಪೂರ್ಣಾಂಕಗಳಿಗೆ ಬಂದೆ. ಜನವರಿ ಮತ್ತು ಫೆಬ್ರವರಿಗಳನ್ನು ಹಿಂದಿನ ವರ್ಷದ 13 ಮತ್ತು 14ನೇ ತಿಂಗಳುಗಳೆಂದು ಎಣಿಸಿದರೆ, ಫೆಬ್ರವರಿ 29 ವರ್ಷದ ಕೊನೆಗೆ ಬಂದು ನಿಲ್ಲುತ್ತದೆ, ಅದರ ಕಾಟ ತಪ್ಪುತ್ತದೆ. ವರ್ಷವನ್ನು 1461ರಿಂದ ಗುಣಿಸಿ 4ರಿಂದ ಭಾಗಿಸಿ ಶೇಷ ಬಿಡಬೇಕು. ತಿಂಗಳಿಗೆ ಒಂದು ಕೂಡಿಸಿ 153ರಿಂದ ಗುಣಿಸಿ 5ರಿಂದ ಭಾಗಿಸಿ ಅಲ್ಲೂ ಶೇಷ ಬಿಡಬೇಕು. ಎರಡನ್ನೂ ತಾರೀಖಿಗೆ ಕೂಡಿಸಿ 7,23,263 ಕಳೆದರೆ, 1980ರ ಜನವರಿ 6ರಿಂದ ಕಳೆದ ದಿನಗಳ ಸಂಖ್ಯೆ ಸಿಗುತ್ತದೆ. ಪುಸ್ತಕಗಳಲ್ಲಿ 153ನ್ನು 5ರಿಂದ ಭಾಗಿಸುವ ಬದಲು 30.6001 ಎಂಬ ವಿಚಿತ್ರ ಸಂಖ್ಯೆ ಇರುವುದಕ್ಕೆ ಕಾರಣವೂ ದಶಮಾಂಶದ ಸೋರಿಕೆಯೇ: ಏಪ್ರಿಲ್‌ನಲ್ಲಿ 30.6ನ್ನು 5ರಿಂದ ಗುಣಿಸಿದಾಗ 153 ಬರಬೇಕಾದಲ್ಲಿ ಯಂತ್ರ 152.999 ಎಂದು ಕೊಟ್ಟರೆ ಒಂದು ದಿನವೇ ಹೋಗುತ್ತದೆ, ಆ ಕೊನೆಯ 1 ಅದಕ್ಕೆ ಕಟ್ಟಿದ ಒಡ್ಡು. ಪೂರ್ಣಾಂಕದಲ್ಲಿ ಅದು ಬೇಕಾಗುವುದಿಲ್ಲ. ಈ ಸೂತ್ರ 1900ರ ಮಾರ್ಚ್‌ನಿಂದ 2100ರ ಫೆಬ್ರವರಿಯವರೆಗೆ ಸರಿ. 2100 ಅಧಿಕ ವರ್ಷವಲ್ಲವಾದ್ದರಿಂದ ಅಲ್ಲಿಂದಾಚೆಗೆ ತಪ್ಪುತ್ತದೆ.

ಪೂರ್ಣಾಂಕಕ್ಕೆ ಬಂದ ಮೇಲೂ ಒಂದು ಏಟು ಬಿತ್ತು. ದಿನದ ಸೆಕೆಂಡುಗಳನ್ನು ಓದಲು ಚೆನ್ನಾಗಿರಲೆಂದು 24×60×60 ಎಂದು ಬರೆದಿದ್ದೆ. ಊನೋದ ಸಾಮಾನ್ಯ ಪೂರ್ಣಾಂಕ 16 ಬಿಟ್‌ನದು. 86,400 ಅದರಲ್ಲಿ ಹಿಡಿಸದೆ ತುಳುಕಿ 20,864 ಆಗುತ್ತದೆ. ಮೊದಲ ಸಂಖ್ಯೆಯನ್ನು ಉದ್ದದ ಪೂರ್ಣಾಂಕವೆಂದು ಗುರುತಿಸಿದರೆ ಸರಿಹೋಗುತ್ತದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಇದನ್ನು ಎಚ್ಚರಿಸುತ್ತದೆ, ಆದರೆ ಆರ್ಡುಯಿನೋ ತಂತ್ರಾಂಶದಲ್ಲಿ ಎಚ್ಚರಿಕೆಗಳು ಮೊದಲಿನಿಂದಲೂ ಬಾಯಿ ಮುಚ್ಚಿಕೊಂಡಿರುತ್ತವೆ. ಸೆಟ್ಟಿಂಗಿನಲ್ಲಿ ನಾವೇ ಬಿಡಿಸಬೇಕು.

ಭಾರತೀಯ ಕಾಲಮಾನದಿಂದ ಐದೂವರೆ ಗಂಟೆ ಕಳೆಯುವುದನ್ನು ಗಂಟೆ ಮತ್ತು ನಿಮಿಷಗಳ ಮೇಲೆ ಮಾಡಬಾರದು. ಹಾಗೆ ಮಾಡಿದರೆ ಬೆಳಗಿನ ಜಾವದಲ್ಲಿ ಹಿಂದಿನ ದಿನದಿಂದ ಸಾಲ ತರಬೇಕು, ಒಂದನೇ ತಾರೀಖಾದರೆ ಹಿಂದಿನ ತಿಂಗಳಿಂದ, ಜನವರಿ ಒಂದಾದರೆ ಹಿಂದಿನ ವರ್ಷದಿಂದ. ನಮ್ಮದೇ ದಿನಾಂಕದಿಂದ ಒಟ್ಟು ಸೆಕೆಂಡುಗಳನ್ನು ಮಾಡಿಕೊಂಡು, ಆಮೇಲೆ ಒಂದೇ ಸಲ 19,800 ಕಳೆದುಬಿಟ್ಟರೆ ಸಾಲಸೋಲದ ಗೋಜೇ ಇಲ್ಲ. 2025ರ ಆರಂಭದಲ್ಲಿ ಒಟ್ಟು ಸುಮಾರು 142 ಕೋಟಿ. 32 ಬಿಟ್‌ನ ಪೂರ್ಣಾಂಕ 214 ಕೋಟಿಯವರೆಗೆ ಹಿಡಿಯುತ್ತದೆ.

ಮಾಡ್ಯೂಲ್ ಜೋಡಿಸಿದ ದಿನ ಅದು ತೋರಿಸಿದ ದಿನಾಂಕದಲ್ಲಿ ಗಂಟೆ, ನಿಮಿಷ, ವಾರದ ದಿನ ಎಲ್ಲ ಸರಿಯಾಗಿದ್ದು ತಾರೀಖು, ತಿಂಗಳು, ವರ್ಷ ಮಾತ್ರ 2005ಕ್ಕೆ ಸೇರಿದ್ದವು. ಇದರ ಬಗ್ಗೆ ಓದಿದ್ದರಿಂದ ಗಾಬರಿಯಾಗಲಿಲ್ಲ. ಉಪಗ್ರಹಗಳು ಹಳೆಯ ಸಂಕೇತದಲ್ಲಿ ವಾರದ ಸಂಖ್ಯೆಯನ್ನು 10 ಬಿಟ್‌ನಲ್ಲಿ, ಅಂದರೆ 0ಯಿಂದ 1023ರವರೆಗೆ ಮಾತ್ರ ಕಳಿಸುತ್ತವೆ. 1024 ವಾರ, ಎಂದರೆ 7,168 ದಿನಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್ 22ರಂದು ಮೊದಲ ಸಲ, 2019ರ ಏಪ್ರಿಲ್ 7ರಂದು ಎರಡನೆಯ ಸಲ ಮರಳಿದೆ, ಮೂರನೆಯದು 2038ರ ನವೆಂಬರ್ 21ರಂದು. ಎಷ್ಟನೆಯ ಸುತ್ತು ಎಂಬುದನ್ನು ರಿಸೀವರ್ ತಾನೇ ಊಹಿಸಬೇಕು. ಸಾಮಾನ್ಯವಾಗಿ ತಯಾರಕರು ತಮ್ಮ ಫರ್ಮ್‌ವೇರ್ (ಮಾಡ್ಯೂಲಿನೊಳಗಿನ ಪ್ರೋಗ್ರಾಂ) ಬರೆದ ವಾರದಿಂದ ಮುಂದಿನ 1024 ವಾರಗಳು ಎಂದು ಊಹೆ ಕಟ್ಟಿರುತ್ತಾರೆ. ಆ ಅವಧಿ ಮುಗಿದ ದಿನ, 2019ಕ್ಕೂ 2038ಕ್ಕೂ ಸಂಬಂಧವಿಲ್ಲದೆ, ಮಾಡ್ಯೂಲ್ ಹಿಂದಕ್ಕೆ ಜಾರುತ್ತದೆ. ನನ್ನದು ಡ್ರಾಯರಿನಲ್ಲಿದ್ದಾಗಲೇ ಜಾರಿತ್ತು. ಪರಿಹಾರ ಸುಲಭ: ಬಂದ ದಿನಾಂಕವು ನನ್ನ ಪ್ರೋಗ್ರಾಂ ಕಂಪೈಲ್ ಆದ ದಿನಕ್ಕಿಂತ ಹಿಂದಿನದಾಗಿದ್ದರೆ 7,168 ದಿನ ಕೂಡಿಸುವುದು. ಕಾಲ ಹಿಂದಕ್ಕೆ ಹೋಗದ ತನಕ ಈ ಉಪಾಯ ಕಂಪೈಲ್ ಮಾಡಿದ ದಿನದಿಂದ ಹತ್ತೊಂಬತ್ತೂವರೆ ವರ್ಷ ನಡೆಯುತ್ತದೆ.

2025ರ ಫೆಬ್ರವರಿ 2, ಭಾನುವಾರ. ಬಿಸಿಲೇರುವ ಮೊದಲು ಗುಡ್ಡ ಹತ್ತಬೇಕೆಂದು ಸೂರಿನ ಮೇಲಿನ ರಿಸೀವರನ್ನು 5 ಗಂಟೆ 12 ನಿಮಿಷಕ್ಕೇ ಚಾಲೂ ಮಾಡಿದೆ. ಅದೇ ಬೆಳಿಗ್ಗೆ ಮಾಡ್ಯೂಲಿಗೆ ಉಪಗ್ರಹಗಳು ಸಿಕ್ಕ ಎರಡೇ ನಿಮಿಷಕ್ಕೆ ಪೆಟ್ಟಿಗೆ ತನ್ನ ಗಡಿಯಾರ ಹೊಂದಿಸಿಕೊಂಡಿತು. ಮಾಡ್ಯೂಲ್ ಅಂದು 2005ರ ಜೂನ್ 19, ಭಾನುವಾರ ಎಂದಿತು, ಪ್ರೋಗ್ರಾಂ ಅದನ್ನು ತಿದ್ದಿತು. ಚಿಕ್ಕಪ್ಪ ಮುಂದೆ ದಾರಿ ಸವರುತ್ತಾ, ನಾನು ಹಿಂದೆ ಕೋಲು ನೆಡುತ್ತಾ 31 ಕಡೆ ನಿಂತೆವು. ಕೋಲಿನ ಬುಡ ನೆಲ ಮುಟ್ಟಿದೊಡನೆ ಗುಂಡಿ ಒತ್ತುವುದು, ಬೀಪ್ ಕೇಳಿದೊಡನೆ ಕೋಲು ಹೆಗಲಿಗೇರಿಸಿ ನಡೆಯುವುದು.

ಸಂಜೆ, ನಿಲುಗಡೆಗಳನ್ನು ಕಡತದೊಡನೆ ಹೋಲಿಸಲು ಕಂಪ್ಯೂಟರಿನಲ್ಲಿ ಬರೆದಿದ್ದ ನನ್ನ ಸಣ್ಣ ಸ್ಕ್ರಿಪ್ಟ್ 31 ನಿಲುಗಡೆಗಳನ್ನೂ ತಿರಸ್ಕರಿಸಿತು. ಸೂರಿನ ರಿಸೀವರ್ ಶುರುವಾಗುವ ಮೊದಲೇ ಇವೆಲ್ಲ ಮುಗಿದಿವೆ ಎಂಬುದು ಅದರ ತಕರಾರು. ಜಿಪಿಎಸ್ ವಾರ ಶನಿವಾರ ರಾತ್ರಿ ಮುಗಿಯುವುದು ವಿಶ್ವ ಕಾಲಮಾನದ ಲೆಕ್ಕದಲ್ಲಿ. ನಮಗೆ ಅದು ಭಾನುವಾರ ಬೆಳಿಗ್ಗೆ ಐದೂವರೆಯ ಆಸುಪಾಸು. 5:12ಕ್ಕೆ ಶುರುವಾದ ಕಡತ 2351ನೇ ವಾರದ 6,03,738ನೇ ಸೆಕೆಂಡಿನಿಂದ ಆರಂಭವಾಗಿ, ಸ್ವಲ್ಪ ಹೊತ್ತಿಗೆ 2352ನೇ ವಾರದ ಸೊನ್ನೆಗೆ ಬಿದ್ದಿತ್ತು. ನಾನು ವಾರವನ್ನು ಬಿಟ್ಟು ಸೆಕೆಂಡುಗಳನ್ನು ಮಾತ್ರ ಹೋಲಿಸಿದ್ದೆ. ವಾರವನ್ನೂ ಸೇರಿಸಿ ಒಟ್ಟು ಸೆಕೆಂಡುಗಳಲ್ಲಿ ಹೋಲಿಸಿದ ಮೇಲೆ ಸ್ಕ್ರಿಪ್ಟ್ ಒಪ್ಪಿತು. ಇದನ್ನು ಚಿಕ್ಕಪ್ಪನಿಗೆ ವಿವರಿಸಿದಾಗ ಅವರು, “ನಮ್ಮ ಪಂಚಾಂಗದಲ್ಲಿ ಸೂರ್ಯ ಹುಟ್ಟಿದ ಮೇಲೆ ವಾರ ಬದಲು. ನಿನ್ನ ಪೆಟ್ಟಿಗೇದು ಎಂತದು ಮಾರಾಯ, ಕತ್ತಲಲ್ಲೇ ಭಾನುವಾರ!” ಎಂದರು.

ನಿಜವಾದ ಗಂಟು ಬಿಚ್ಚಿಕೊಂಡದ್ದು ಆಮೇಲೆ. ಉಪಗ್ರಹ ಅಳತೆಗಳಿಂದ ಸ್ಥಾನದ ಲೆಕ್ಕ ಮಾಡುವ, ಟೊಮೊಜಿ ತಕಾಸು ಅವರ ಆರ್‌ಟಿಕೆಲಿಬ್ ತಂತ್ರಾಂಶದಲ್ಲಿ ಎರಡೂ ಕಡತಗಳನ್ನು ಸೇರಿಸಿ ಸೆಕೆಂಡಿಗೊಂದರಂತೆ ಎತ್ತರಗಳನ್ನು ತೆಗೆದು, ಪ್ರತಿ ನಿಲುಗಡೆಯ 60 ಸೆಕೆಂಡುಗಳನ್ನು ಬಿಡಿಸಿ ನೋಡಿದೆ. ಎಲ್ಲದರಲ್ಲೂ ಮೊದಲ 13 ಸೆಕೆಂಡು ಎತ್ತರ ಕುಣಿಯುತ್ತಿತ್ತು, ಆಮೇಲೆ ಗೆರೆ ನೇರ. ಅಂದರೆ ಆ 13 ಸೆಕೆಂಡು ನಾನಿನ್ನೂ ನಡೆಯುತ್ತಿದ್ದ ಹೊತ್ತು. ಹೆಗಲ ಮೇಲಿದ್ದಾಗ ಆಂಟೆನಾ ನೆಲದಿಂದ ಒಂದೂವರೆ ಮೀಟರ್, ನೆಟ್ಟಾಗ ಎರಡು ಮೀಟರ್. ಈ ಬೆರಕೆಯಿಂದಲೇ ಸರಾಸರಿ ಸುಮಾರು 11 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಎಲ್ಲ ಕಡೆಯೂ ಅಷ್ಟೇ ಇಳಿದರೆ ಚಿಂತೆಯಿರಲಿಲ್ಲ. ಆದರೆ ಕಡಿದಾದ ಕಡೆ ಆಗುವ ವ್ಯತ್ಯಾಸವೇ ಬೇರೆ, ಸಮತಟ್ಟಿನಲ್ಲಿ ಬೇರೆ.

ವಿಶ್ವ ಕಾಲಮಾನಕ್ಕೂ ಜಿಪಿಎಸ್ ಕಾಲಕ್ಕೂ 18 ಸೆಕೆಂಡಿನ ಅಂತರವಿದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಭೂಮಿ ಸುತ್ತುವ ವೇಗಕ್ಕೆ ಗಡಿಯಾರವನ್ನು ಹೊಂದಿಸಲು, ಚಾಂದ್ರಮಾನಕ್ಕೆ ಅಧಿಕ ಮಾಸ ಸೇರಿಸಿದಂತೆ, ವಿಶ್ವ ಕಾಲಮಾನಕ್ಕೆ ಆಗಾಗ ಅಧಿಕ ಸೆಕೆಂಡು ಸೇರಿಸುತ್ತಾರೆ. ಜಿಪಿಎಸ್ ಅದನ್ನು ಎಣಿಸುವುದೇ ಇಲ್ಲ. 1980ರಿಂದ ಈವರೆಗೆ 18 ಸಲ ಸೇರಿಸಿದ್ದಾರೆ, ಕೊನೆಯದು 2016ರ ಡಿಸೆಂಬರ್ 31ರ ತುದಿಗೆ, ನಮ್ಮ ಲೆಕ್ಕದಲ್ಲಿ 2017ರ ಜನವರಿ 1ರ ಬೆಳಿಗ್ಗೆ 5:29:59ರ ನಂತರ. ಗೊತ್ತಿದ್ದೂ ನಾನು ಅದನ್ನು ಬಿಟ್ಟದ್ದಕ್ಕೆ ಕಾರಣ, ರಿಸೀವರಿನ ಕಚ್ಚಾ ಅಳತೆಗಳನ್ನು ಅಕ್ಷರರೂಪದಲ್ಲಿಡುವ ರೈನೆಕ್ಸ್ ಕಡತ. ಅದರ ಪ್ರತಿ ಸಾಲಿನಲ್ಲೂ ವರ್ಷ, ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡು ಎಂದು ಪಂಚಾಂಗದ ದಿನಾಂಕವೇ ಕಾಣುತ್ತದೆ. ಐದೂವರೆ ಗಂಟೆ ಕೂಡಿಸಿ ನೋಡಿದಾಗ ಅದು ನಮ್ಮ ಸಮಯದೊಡನೆ ಹೆಚ್ಚುಕಡಿಮೆ ಕೂಡಿಬಂದದ್ದರಿಂದ ಅದನ್ನು ವಿಶ್ವ ಕಾಲಮಾನವೆಂದೇ ನಂಬಿದೆ. ಅದು ದಿನಾಂಕದ ಬಟ್ಟೆ ತೊಟ್ಟ ಜಿಪಿಎಸ್ ಕಾಲ. ತಲೆಬರಹದಲ್ಲಿ ಮೂರಕ್ಷರದಲ್ಲಿ ಹಾಗೆಂದು ಹೇಳಿಯೂ ಇದೆ. ಆರ್‌ಟಿಕೆಲಿಬ್‌ನಲ್ಲಿ ಜಿಪಿಎಸ್ ಕಾಲ, ವಿಶ್ವ ಕಾಲಮಾನ, ಜಪಾನಿನ ಕಾಲಮಾನ ಎಂಬ ಆಯ್ಕೆಗಳಿವೆ, ಭಾರತದ್ದಿಲ್ಲ. ಇದ್ದಿದ್ದರೆ ಬಹುಶಃ ಎಚ್ಚರವಾಗುತ್ತಿತ್ತು.

ಸರಿ, 18 ಕೂಡಿಸಿದೆ. ಆದರೆ ಎತ್ತರ ಕುಣಿಯುತ್ತಿದ್ದ ಆ ಶುರುವಿನ ಬಾಲ ಇದ್ದದ್ದು 13 ಸೆಕೆಂಡಿನದು. ಉಳಿದ ಐದು ನನ್ನ ಬೆರಳಿನ ನಿಧಾನವಿರಬೇಕೆಂದು ಸಮಾಧಾನ ಮಾಡಿಕೊಂಡು ಮತ್ತೆ ಬಿಡಿಸಿದರೆ, ಶುರುವಿನ ಬಾಲ ಹೋಗಿ ಪ್ರತಿ ನಿಲುಗಡೆಯ ಕೊನೆಗೆ ಐದು ಸೆಕೆಂಡಿನ ಹೊಸ ಬಾಲ ಹುಟ್ಟಿತ್ತು, 31ರಲ್ಲೂ ಐದೇ. ಬೆರಳಿನ ತಪ್ಪು ಇಷ್ಟು ಶಿಸ್ತಿನದಾಗಿರುವುದಿಲ್ಲ. ನಮ್ಮ ದೇಶದ ಕಾಲಮಾನವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯವನ್ನು ಫೋನಿನಲ್ಲಿ ತೆರೆದು ಪೆಟ್ಟಿಗೆಯ ಪಕ್ಕದಲ್ಲಿಟ್ಟೆ. ಪೆಟ್ಟಿಗೆ ಐದು ಸೆಕೆಂಡು ಮುಂದಿತ್ತು.

18ರಲ್ಲಿ 5 ಕಳೆದರೆ 13. 1999ರ ಜನವರಿಯಿಂದ 2005ರ ಡಿಸೆಂಬರ್ ಕೊನೆಯವರೆಗೆ ಇದ್ದ ಅಂತರ ಸರಿಯಾಗಿ 13 ಸೆಕೆಂಡು. ಮಾಡ್ಯೂಲ್ ಫರ್ಮ್‌ವೇರ್‌ನಲ್ಲಿ ಬರೆದಿಟ್ಟ ಆ ಹಳೆಯ ಅಂತರವನ್ನೇ ಕಳೆದು ನನಗೆ ಸಮಯ ಕೊಟ್ಟಿತ್ತು. ದಿನಾಂಕ 2005ರ ಜೂನ್‌ಗೆ ಜಾರಿದ್ದರಿಂದಲೂ ಫರ್ಮ್‌ವೇರ್ ಅದಕ್ಕಿಂತ ಹಿಂದಿನದೆಂದು ತಿಳಿಯುತ್ತದೆ; ಎರಡು ಬೇರೆ ಬೇರೆ ತಪ್ಪುಗಳು ಒಂದೇ ವಯಸ್ಸನ್ನು ಹೇಳಿದ್ದು ಕಂಡು, ನಿಜ ಹೇಳಬೇಕೆಂದರೆ, ನನಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ಇಂದಿನ ಅಂತರ 18 ಎಂಬುದನ್ನು ಉಪಗ್ರಹಗಳೇ ಹೇಳುತ್ತವೆ, ಆದರೆ ಸಂದೇಶದ ನಾಲ್ಕನೇ ಉಪಚೌಕಟ್ಟಿನ 18ನೇ ಪುಟದಲ್ಲಿ ಮಾತ್ರ. ಇಡೀ ಸಂದೇಶ ಒಂದು ಸುತ್ತು ಬರಲು ಹನ್ನೆರಡೂವರೆ ನಿಮಿಷ ಬೇಕು. ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಳ್ಳಲು ಮಾಡ್ಯೂಲಿನ ಮೇಲೆ ಕಡಲೆಕಾಳಿನಷ್ಟು ಬ್ಯಾಟರಿ ಇರುತ್ತದೆ, ನನ್ನದರಲ್ಲಿ ಅದು ಸತ್ತಿತ್ತು. ಹಾಗಾಗಿ ಪ್ರತಿ ಸಲವೂ ಹೊಸದಾಗಿ ಹುಟ್ಟಿದಂತೆ 13ರಿಂದಲೇ ಶುರು. ಎರಡು ನಿಮಿಷಕ್ಕೇ ಗಡಿಯಾರ ಹೊಂದಿಸಿದ್ದು ನನ್ನ ಆತುರ.

ಬ್ಯಾಟರಿ ಬದಲಿಸಿದೆ, ಜೊತೆಗೆ, ಮಾಡ್ಯೂಲ್ ಉಪಗ್ರಹಗಳನ್ನು ಹಿಡಿದು 13 ನಿಮಿಷ ಕಳೆಯುವವರೆಗೆ ಗಡಿಯಾರ ಹೊಂದಿಸಬಾರದೆಂದೂ ಅಲ್ಲಿಯವರೆಗೆ ಹಸಿರು ದೀಪ ಹೊತ್ತಬಾರದೆಂದೂ ಪ್ರೋಗ್ರಾಂ ತಿದ್ದಿದೆ. 18 ಎಂಬ ಸಂಖ್ಯೆಯನ್ನು ಪ್ರೋಗ್ರಾಮಿನೊಳಗೆ ಕಟ್ಟದೆ ಬದಲಿಸಬಹುದಾದ ಜಾಗದಲ್ಲಿಟ್ಟೆ. 2035ರೊಳಗೆ ಅಧಿಕ ಸೆಕೆಂಡಿನ ಪದ್ಧತಿಯನ್ನು ಸಡಿಲಿಸಲು 2022ರಲ್ಲೇ ಅಂತರರಾಷ್ಟ್ರೀಯ ನಿರ್ಣಯವಾಗಿದ್ದರೂ, ಅಲ್ಲಿಯವರೆಗೆ ಇನ್ನೊಂದು ಸೇರದು ಎಂದು ನಂಬಿ ಕೂರುವಂತಿಲ್ಲ.

ಏಳನೇ ನಿಲುಗಡೆಯನ್ನು ತಿದ್ದಿದ ಮೇಲೆ ಕೈಲೆಕ್ಕದಿಂದಲೂ ಪರೀಕ್ಷಿಸಿದೆ. ನಿಜವಾದ ಭಾರತೀಯ ಕಾಲ 10:42:10. ದಿನಗಳು 16,464, ಅವುಗಳ ಸೆಕೆಂಡು 1,42,24,89,600. ಅದಕ್ಕೆ ಆ ದಿನದ 38,530 ಕೂಡಿಸಿ, 19,800 ಕಳೆದು, 18 ಕೂಡಿಸಿದರೆ 1,42,25,08,348. ಇದನ್ನು 6,04,800ರಿಂದ ಭಾಗಿಸಿದರೆ ವಾರ 2352, ಶೇಷ 18,748ನೇ ಸೆಕೆಂಡು. ಉಪಗ್ರಹ ಕಳಿಸುವ ವಾರ ಅದರಿಂದ 2048 ಕಳೆದ 304. ಮಾಡ್ಯೂಲ್ ಹೇಳಿದ 2005ರ ಜೂನ್ 19 ಎಂದರೆ 1328ನೇ ವಾರ. ಅದಕ್ಕೆ 1024 ಕೂಡಿಸಿದರೂ 2352. ಜಿಪಿಎಸ್‌ನಂತೆಯೇ ಸ್ಥಾನ ತಿಳಿಸುವ, ಭಾರತದ್ದೇ ಆದ ನಾವಿಕ್ ಉಪಗ್ರಹ ವ್ಯವಸ್ಥೆಯ ಎಣಿಕೆ 1999ರ ಆಗಸ್ಟ್ 22ರಿಂದ, ಅಂದರೆ ಜಿಪಿಎಸ್‌ನ ಮೊದಲ ಸುತ್ತು ಮುಗಿದ ದಿನದಿಂದಲೇ ಶುರುವಾಗುವುದರಿಂದ ಅದರಲ್ಲೂ ಆ ಭಾನುವಾರ 1328ನೇ ವಾರವೇ, ಮತ್ತು ಸೆಕೆಂಡುಗಳು ಜಿಪಿಎಸ್‌ನಷ್ಟೇ. ಚೀನಾದ ಬೈಡೌ 2006ರ ಜನವರಿ 1ರಿಂದ ಎಣಿಸುತ್ತದೆ, ಜಿಪಿಎಸ್‌ಗಿಂತ 14 ಸೆಕೆಂಡು ಹಿಂದೆ. ರಷ್ಯಾದ ಗ್ಲೋನಾಸ್ ಅಧಿಕ ಸೆಕೆಂಡುಗಳನ್ನೂ ಪಾಲಿಸುತ್ತಾ ವಿಶ್ವ ಕಾಲಮಾನಕ್ಕಿಂತ ಮೂರು ಗಂಟೆ ಮುಂದೆ ನಡೆಯುತ್ತದೆ.

ಪೆಟ್ಟಿಗೆಯ ತಪ್ಪು ಎಲ್ಲ ಸಾಲುಗಳಲ್ಲೂ ಒಂದೇ ಆಗಿದ್ದರಿಂದ ಮತ್ತೆ ಗುಡ್ಡ ಹತ್ತುವ ಅಗತ್ಯ ಬೀಳಲಿಲ್ಲ. ಹಳೆಯ ದಾಖಲೆಗೇ 13 ಕೂಡಿಸಿ ಮತ್ತೆ ಕತ್ತರಿಸಿದಾಗ 31 ನಿಲುಗಡೆಗಳೂ ಎರಡು ತುದಿಯಲ್ಲಿ ಬಾಲವಿಲ್ಲದ ನೇರ ಗೆರೆಗಳಾದವು. ಎತ್ತರಗಳನ್ನು ಸಾಲಾಗಿ ಇಟ್ಟಾಗ 19ನೇ ನಿಲುಗಡೆ ತನ್ನ ಮೇಲಿನ 18ಕ್ಕಿಂತ 43 ಸೆಂಟಿಮೀಟರ್ ಎತ್ತರದಲ್ಲಿತ್ತು. ಮರುದಿನ ಅಲ್ಲಿ ದರಗು ಸರಿಸಿ ನೋಡಿದರೆ ಪೈಪು ಜಂಬಿಟ್ಟಿಗೆಯ ದಿಬ್ಬವೊಂದನ್ನು ಹತ್ತಿ ಇಳಿದಿತ್ತು. ಚಿಕ್ಕಪ್ಪ ಹಾರೆಯಿಂದ ದಿಬ್ಬದ ಪಕ್ಕಕ್ಕೆ ಚರಂಡಿ ಬಿಡಿಸಿ ಪೈಪನ್ನು ಅದರೊಳಗೆ ಇಳಿಸಿದರು. ಕೆಳಗೆ ತೊಟ್ಟಿಯ ಬಾಯಲ್ಲಿ ಪೈಪು ಮೊದಲು ಒಂದಷ್ಟು ಹೊತ್ತು ಗಾಳಿಯನ್ನೇ ಉಗುಳಿ, ಆಮೇಲೆ ಕೆಮ್ಮಣ್ಣಿನ ನೀರು ಬಿಟ್ಟು, ಸಂಜೆಯ ಹೊತ್ತಿಗೆ ತಿಳಿಯಾಯಿತು.